ಏಳು ನಕಲು, ಒಂದು ಅವಸರ

“ಎರಡು ಸಲ ತಡೆದೆ. ಎರಡೂ ಸಲ ತಡೆ ಯಶಸ್ವಿಯಾಯಿತು. ಆದರೂ ನಾನು ಸತ್ತೆ. ಇದು ಯಾವ ನ್ಯಾಯ?” ಎಂದು ಕಾರ್ಡಾಟದಲ್ಲಿ ಸೋತ ನೀಲಿ ಕಟ್ಟಿನವನು ಕೇಳಿದಾಗ ಮೇಜಿನ ಸುತ್ತ ಇದ್ದ ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಎದುರಿಗೆ ಕೂತಿದ್ದ ಕಪ್ಪು ಕಟ್ಟಿನವನು ನಗುತ್ತಿದ್ದನಾದರೂ ಅವನಿಗೂ ಕಾರಣ ಸರಿಯಾಗಿ ಗೊತ್ತಿರಲಿಲ್ಲ. ಗೆದ್ದೆ ಎಂಬುದಷ್ಟೇ ಗೊತ್ತಿತ್ತು. ವಯಸ್ಸಿನಲ್ಲಿ ಹಿರಿಯನೆಂಬ ಒಂದೇ ಅರ್ಹತೆಯಿಂದ ನಾನು ಪಂಚನಾದೆ. “ಅಣ್ಣಾ, ನೀವೇ ಹೇಳಿ” ಎಂದು ಇಬ್ಬರೂ ತಿರುಗಿದರು. ಅಂದು ಅರ್ಧ ಹೇಳಿ ಅರ್ಧ ನುಂಗಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಆಟ ಮ್ಯಾಜಿಕ್: ದ ಗ್ಯಾದರಿಂಗ್. ರಿಚರ್ಡ್ ಗಾರ್ಫೀಲ್ಡ್ ರೂಪಿಸಿ, ವಿಝಾರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ 1993ರಲ್ಲಿ ಹೊರತಂದ ಕಾರ್ಡ್ ಆಟ. ಇಬ್ಬರಿಗೂ ತಲಾ 20 ಲೈಫ್. ಲ್ಯಾಂಡ್ ಕಾರ್ಡುಗಳಿಂದ ಮಾನಾ ಎಂಬ ಶಕ್ತಿ ಪಡೆದು ಅದರ ಬಲದಿಂದ ಮಂತ್ರ ಹಾಕಬೇಕು. ಎದುರಾಳಿಯ ಮಂತ್ರವನ್ನು ಫಲಿಸುವ ಮುಂಚೆಯೇ ರದ್ದು ಮಾಡುವ ‘ಕೌಂಟರ್‌ಸ್ಪೆಲ್’ ಎಂಬ ಕಾರ್ಡು ಮೊದಲ ಮುದ್ರಣದಲ್ಲಿಯೇ ಇತ್ತು. ಬೆಲೆ ಎರಡು ನೀಲಿ ಮಾನಾ. ಆ ಹೆಸರು ಈಗ ಒಂದು ಕಾರ್ಡಿನದಾಗಿ ಉಳಿದಿಲ್ಲ, ಅಂಥ ಕೆಲಸ ಮಾಡುವ ಇಡೀ ಕುಲದ ಹೆಸರಾಗಿದೆ. ಆ ಕುಲವನ್ನು ನಾನು ಪ್ರತಿಮಂತ್ರ ಎನ್ನುತ್ತೇನೆ.

ಇನ್ನೊಂದು ಸಂಗತಿ ಮೊದಲೇ ಹೇಳಿಬಿಡಬೇಕು. ಹಾಕಿದ ಮಂತ್ರ ಕೂಡಲೇ ಫಲಿಸುವುದಿಲ್ಲ. ಅದು ಸ್ಟ್ಯಾಕ್ ಎಂಬ ಅಟ್ಟಿಯ ಮೇಲೆ ಹೋಗಿ ಕೂರುತ್ತದೆ. ಅದಕ್ಕೆ ಉತ್ತರವಾಗಿ ಹಾಕಿದ್ದು ಅದರ ಮೇಲೆ ಕೂರುತ್ತದೆ. ಇಬ್ಬರೂ ‘ಇನ್ನೇನೂ ಇಲ್ಲ’ ಎಂದಾಗ ಮೇಲಿನದೊಂದು ಫಲಿಸುತ್ತದೆ, ಮತ್ತೆ ಇಬ್ಬರಿಗೂ ಮಾತನಾಡುವ ಅವಕಾಶ ಬರುತ್ತದೆ, ಆಮೇಲೆ ಅದರ ಕೆಳಗಿನದು. ಕೊನೆಗೆ ಇಟ್ಟ ತಟ್ಟೆಯನ್ನು ಮೊದಲು ತೆಗೆಯುವ ಹಾಗೆ. ಈ ವ್ಯವಸ್ಥೆ ಬಂದದ್ದು 1999ರಲ್ಲಿ, ಆರನೆಯ ಆವೃತ್ತಿಯ ನಿಯಮಗಳೊಂದಿಗೆ. ಅದಕ್ಕೂ ಮುಂಚೆ ಪ್ರತಿಮಂತ್ರಗಳಿಗೆ ‘ಇಂಟರಪ್ಟ್’ ಎಂಬ ಪ್ರತ್ಯೇಕ ಜಾತಿಯೇ ಇತ್ತು. ಆ ಕಾಲದ ನಿಯಮಗಳಲ್ಲಿ ಇವತ್ತಿನ ಜಗಳವನ್ನು ಬಿಡಿಸುವ ಸ್ಥಿತಿ ಬಂದಿದ್ದರೆ ನಾನು ಅಣ್ಣನ ಪಟ್ಟವನ್ನೇ ಬಿಟ್ಟುಕೊಡುತ್ತಿದ್ದೆ.

ಈಗ ಆ ಸರದಿಗೆ ಬರೋಣ.

ನೀಲಿಯವನು ಮೊದಲು ಆಡಿದ್ದ. ಮೂರು ಸರದಿ ಮುಗಿಸಿ ಮೂರು ಲ್ಯಾಂಡ್ ಇಳಿಸಿದ್ದ, ಮೂರರಿಂದಲೂ ನೀಲಿ ಮಾನಾ ಬರುತ್ತಿತ್ತು. ಅವನ ಲೈಫ್ 20ರಿಂದ 14ಕ್ಕೆ ಇಳಿದಿತ್ತು. ಆರರಲ್ಲಿ ಒಂದನ್ನೂ ಎದುರಾಳಿ ಹೊಡೆದದ್ದಲ್ಲ. ಕಟ್ಟಿನಿಂದ ಲ್ಯಾಂಡ್ ಹುಡುಕಿ ತರುವುದಕ್ಕೆ ಮೂರು ಸಲ ಒಂದೊಂದು, ‘ವಾಟರಿ ಗ್ರೇವ್’ ಎಂಬ ಲ್ಯಾಂಡ್ ಬಂದ ಕೂಡಲೇ ಬಳಕೆಗೆ ಸಿಗಲಿ ಎಂದು ಎರಡು, ಹಿಂದಿನ ಸರದಿಯಲ್ಲಿ ಎದುರಾಳಿಯ ‘ಡ್ಯೂರೆಸ್’ ಮಂತ್ರವನ್ನು ‘ಫೋರ್ಸ್ ಆಫ್ ವಿಲ್’ ಎಂಬ ಪ್ರತಿಮಂತ್ರದಿಂದ ತಡೆದದ್ದಕ್ಕೆ ಒಂದು. ನೀಲಿ ಆಟಗಾರರು ಹೀಗೆಯೇ. ಮನೆಗೆ ಬೀಗ ಕೊಳ್ಳುವುದಕ್ಕೆ ಮನೆಯ ಹೆಂಚನ್ನು ಮಾರುತ್ತಾರೆ.

ಕಪ್ಪು ಕಟ್ಟಿನವನ ಮುಂದೆ ಒಂದು ಐಲ್ಯಾಂಡ್, ಎರಡು ಸ್ವಾಂಪ್, ಮೂರೂ ಲ್ಯಾಂಡುಗಳೇ. ಅವನ ಮೂರನೆಯ ಸರದಿ. ಐಲ್ಯಾಂಡಿನಿಂದ ‘ಪಾಂಡರ್’ ಹಾಕಿದ. ಅದರಿಂದ ಬಂದ ಕಾರ್ಡು ಎರಡನೆಯ ‘ಲೋಟಸ್ ಪೆಟಲ್’, ಒಂದು ಸಲ ಒಂದು ಮಾನಾ ಕೊಡುವಂಥದ್ದು. ಕೈಯಲ್ಲಿದ್ದ ಮೊದಲ ಪೆಟಲನ್ನು ಪುಕ್ಕಟೆಯಾಗಿ ಇಳಿಸಿದ. ಒಂದು ಸ್ವಾಂಪ್ ಬಳಸಿ ‘ಡಾರ್ಕ್ ರಿಚುಯಲ್’: ಒಂದು ಮಾನಾ ಕೊಟ್ಟರೆ ಮೂರು ಬರುತ್ತದೆ. ಅದರಲ್ಲೊಂದನ್ನು ಕೊಟ್ಟು ಇನ್ನೊಂದು ಡಾರ್ಕ್ ರಿಚುಯಲ್. ಈಗ ಐದು ಕಪ್ಪು ಮಾನಾ. ಎರಡನ್ನು ಕೊಟ್ಟು ‘ಕ್ಯಾಬಲ್ ರಿಚುಯಲ್’ ಹಾಕಿದ. ಫಲಿಸಿದರೆ ಮೂರು ಬರುತ್ತಿತ್ತು.

ನೀಲಿಯವನು ಇಲ್ಲಿ ಕೌಂಟರ್‌ಸ್ಪೆಲ್ ಹಾಕಿದ. ಎರಡು ಲ್ಯಾಂಡ್ ಖರ್ಚಾಯಿತು, ಕ್ಯಾಬಲ್ ರಿಚುಯಲ್ ಮಸಣ ಸೇರಿತು, ಅಂದರೆ ಮುಗಿದ ಕಾರ್ಡುಗಳ ರಾಶಿಗೆ ಹೋಯಿತು. ಕಪ್ಪಿನವನ ಬಳಿ ಮೂರು ಮಾನಾ, ಒಂದು ಸ್ವಾಂಪ್, ಒಂದು ಪೆಟಲ್ ಉಳಿಯಿತು. ಅವನು ಎರಡನೆಯ ಪೆಟಲನ್ನು ಇಳಿಸಿದ. ಆಮೇಲೆ ಮೂರು ಮಾನಾಕ್ಕೆ ಸ್ವಾಂಪಿನ ಒಂದನ್ನು ಸೇರಿಸಿ, ಕೈಯಲ್ಲಿ ಉಳಿದಿದ್ದ ಕೊನೆಯ ಕಾರ್ಡನ್ನು ಮೇಜಿಗೆ ಇಟ್ಟ. ‘ಟೆಂಡ್ರಿಲ್ಸ್ ಆಫ್ ಅಗನಿ’.

ಟೆಂಡ್ರಿಲ್ಸ್ ತಾನೇ ಮಾಡುವುದು ಸ್ವಲ್ಪ: ಎದುರಾಳಿಯ ಎರಡು ಲೈಫ್ ಕಳೆಯುತ್ತದೆ, ಹಾಕಿದವನಿಗೆ ಎರಡು ಕೊಡುತ್ತದೆ. ವಿಷ ಇರುವುದು ಅದರ ಕೆಳಗಿನ ಒಂದು ಪದದಲ್ಲಿ: ಸ್ಟಾರ್ಮ್. 2003ರ ಸ್ಕರ್ಜ್ ಎಂಬ ಕಾರ್ಡು ಸಂಪುಟದಲ್ಲಿ ಬಂದ ಈ ಗುಣದ ಅರ್ಥ ಇಷ್ಟು: ಈ ಮಂತ್ರವನ್ನು ಹಾಕಿದಾಗ, ಈ ಸರದಿಯಲ್ಲಿ ಇದಕ್ಕೂ ಮುಂಚೆ ಹಾಕಿದ ಒಂದೊಂದು ಮಂತ್ರಕ್ಕೂ ಇದರ ಒಂದೊಂದು ನಕಲು ಮಾಡಬೇಕು. ಆಟದ ಮುಖ್ಯ ವಿನ್ಯಾಸಕ ಮಾರ್ಕ್ ರೋಸ್‌ವಾಟರ್, ಒಂದು ಗುಣ ಮತ್ತೆ ಹೊಸ ಸಂಪುಟಗಳಲ್ಲಿ ಬರುವುದು ಎಷ್ಟು ಕಷ್ಟ ಎಂದು ಅಳೆಯಲು ಹತ್ತು ಅಂಕಗಳ ಅಳತೆಗೋಲು ಮಾಡಿದಾಗ ಅದಕ್ಕೆ ಸ್ಟಾರ್ಮ್ ಸ್ಕೇಲ್ ಎಂದೇ ಹೆಸರಿಟ್ಟರು. ಹತ್ತನೆಯ ಅಂಕದಲ್ಲಿ ಕೂತಿರುವುದು ಇದೇ.

“ಮುಂಚೆ ಎಷ್ಟು ಮಂತ್ರ?” ಎಂದು ನೀಲಿಯವನು ಕೇಳಿದ. ಕಪ್ಪಿನವನು ಬೆರಳು ಮಡಿಚಿದ. ಪಾಂಡರ್, ಪೆಟಲ್, ರಿಚುಯಲ್, ರಿಚುಯಲ್, ಕ್ಯಾಬಲ್ ರಿಚುಯಲ್, ಪೆಟಲ್. ಆರು. ಪಕ್ಕದಲ್ಲಿದ್ದ ಹುಡುಗನೊಬ್ಬ, “ನಿನ್ನ ಕೌಂಟರ್‌ಸ್ಪೆಲ್ ಬಿಟ್ಟೆಯಲ್ಲ” ಎಂದು ನೀಲಿಯವನಿಗೆ ನೆನಪಿಸಿದ. ಏಳು.

ಈ ಏಳರಲ್ಲಿ ಹೊಸಬರಿಗೆ ಎರಡು ಅಚ್ಚರಿಗಳಿವೆ. ಸ್ಟಾರ್ಮ್ ಎಣಿಸುವುದು ಹಾಕಿದ ಮಂತ್ರಗಳನ್ನು. ಫಲಿಸಿತೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಆದ್ದರಿಂದ ತಡೆದ ಕ್ಯಾಬಲ್ ರಿಚುಯಲ್ ಲೆಕ್ಕದಲ್ಲಿ ಉಳಿಯಿತು. ಯಾರು ಹಾಕಿದರು ಎಂದೂ ಅದು ಕೇಳುವುದಿಲ್ಲ. ಆದ್ದರಿಂದ ಅದನ್ನು ತಡೆದ ಕೌಂಟರ್‌ಸ್ಪೆಲ್ ಕೂಡ ಲೆಕ್ಕಕ್ಕೆ ಸೇರಿತು. ನೀಲಿಯವನ ಮೊದಲ ತಡೆ ಎದುರಾಳಿಗೆ ಒಂದು ನಕಲನ್ನು ಉಡುಗೊರೆ ಕೊಟ್ಟಿತ್ತು. ಒಂದು ಮೂಲ, ಏಳು ನಕಲು, ಒಟ್ಟು ಎಂಟು ಟೆಂಡ್ರಿಲ್ಸ್. 16 ಲೈಫ್ ಕಳೆಯುವಷ್ಟು. ಇದ್ದದ್ದು 14.

ನೀಲಿಯವನ ಬಳಿ ಒಂದು ಲ್ಯಾಂಡ್ ಉಳಿದಿತ್ತು. ಕೈಯಲ್ಲಿ ‘ಫ್ಲಸ್ಟರ್‌ಸ್ಟಾರ್ಮ್’ ಇತ್ತು. ಬೆಲೆ ಒಂದು ನೀಲಿ ಮಾನಾ. ಎದುರಾಳಿ ಒಂದು ಮಾನಾ ಕಟ್ಟದಿದ್ದರೆ ಗುರಿ ಮಾಡಿದ ಇನ್‌ಸ್ಟಂಟ್ ಅಥವಾ ಸಾರ್ಸರಿ ಎಂಬ ಜಾತಿಯ ಮಂತ್ರವನ್ನು ತಡೆಯುತ್ತದೆ. 2011ರ ಕಮಾಂಡರ್ ಸಂಪುಟದಲ್ಲಿ ಬಂದ ಈ ಕಾರ್ಡಿನ ಮೇಲೂ ಅದೇ ಪದ ಇದೆ: ಸ್ಟಾರ್ಮ್. ಬಿರುಗಾಳಿಗೆ ಬಿರುಗಾಳಿಯೇ ಮದ್ದು. ಟೆಂಡ್ರಿಲ್ಸ್ ಸೇರಿ ಅದಕ್ಕೂ ಮುಂಚೆ ಎಂಟು ಮಂತ್ರಗಳಾಗಿದ್ದವು; ಆದ್ದರಿಂದ ಮೂಲ ಒಂದು, ನಕಲು ಎಂಟು, ಒಟ್ಟು ಒಂಬತ್ತು ತಡೆಗಳು. ಎದುರಿಗೆ ಬರಬೇಕಾದದ್ದು ಎಂಟು. ಇದಕ್ಕಿಂತ ಒಳ್ಳೆಯ ಕಾರ್ಡು ಆ ಹೊತ್ತಿನಲ್ಲಿ ಅಪರೂಪ.

ಟೆಂಡ್ರಿಲ್ಸ್ ಮೇಜಿಗೆ ಬಿದ್ದ ಕ್ಷಣದಲ್ಲಿಯೇ ಅವನು ಫ್ಲಸ್ಟರ್‌ಸ್ಟಾರ್ಮ್ ಅನ್ನು ಅದರ ಮೇಲೆ ಬಡಿದ.

ನಾನು ಕೇಳಿದೆ: “ಸ್ಟಾರ್ಮ್ ಫಲಿಸಲು ಬಿಟ್ಟೆಯಾ, ಅದಕ್ಕೂ ಮುಂಚೆಯೇ ಹಾಕಿದೆಯಾ?”

“ಮುಂಚೆಯೇ, ಅಣ್ಣಾ. ನಕಲು ಹುಟ್ಟುವುದಕ್ಕೆ ಮೊದಲೇ ಮೂಲವನ್ನು ಮುಗಿಸಬೇಕಲ್ಲ?”

ಅವನ ಬಾಯಿಂದಲೇ ತೀರ್ಪು ಬಂದಿತ್ತು. ಬಿಡಿಸಿ ನೋಡಿದರೆ ಆದದ್ದು ಹೀಗೆ. ಟೆಂಡ್ರಿಲ್ಸ್ ಹಾಕಿದ ಕೂಡಲೇ ಅದರ ಸ್ಟಾರ್ಮ್ ಒಂದು ಟ್ರಿಗರ್ ಆಗಿ ಸ್ಟ್ಯಾಕಿನಲ್ಲಿ ಟೆಂಡ್ರಿಲ್ಸ್ ಮೇಲೆ ಹೋಗಿ ಕೂತಿತು. ಟ್ರಿಗರ್ ಎಂದರೆ ಮಂತ್ರವಲ್ಲ. ಮಂತ್ರ ಹಾಕಿದ್ದರಿಂದ ಹುಟ್ಟಿದ ಬೇರೆಯೇ ಒಂದು ವಸ್ತು. ಅದು ಫಲಿಸುವವರೆಗೆ ನಕಲುಗಳು ಇಲ್ಲವೇ ಇಲ್ಲ. ನೀಲಿಯವನ ಒಂಬತ್ತು ತಡೆಗಳು ಸ್ಟ್ಯಾಕಿಗೆ ಬಂದಾಗ ಅಲ್ಲಿದ್ದ ಟೆಂಡ್ರಿಲ್ಸ್ ಒಂದೇ ಒಂದು. ಒಂಬತ್ತೂ ಅದನ್ನೇ ಗುರಿ ಮಾಡಬೇಕಾಯಿತು. ಮೊದಲನೆಯದು ಫಲಿಸಿತು, ಕಪ್ಪಿನವನು ಮಾನಾ ಕಟ್ಟುವ ಗೋಜಿಗೇ ಹೋಗಲಿಲ್ಲ, ಮೂಲ ಟೆಂಡ್ರಿಲ್ಸ್ ಮಸಣಕ್ಕೆ ಹೋಯಿತು. ಉಳಿದ ಎಂಟು ತಡೆಗಳು ಗುರಿಯಿಲ್ಲದೆ ಹಾಗೆಯೇ ಕರಗಿದವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ಇಲ್ಲಿ ಒಂಬತ್ತು ಕುಲಾವಿ.

ಈಗ ಟ್ರಿಗರ್ ಫಲಿಸುವ ಹೊತ್ತು. ನೀಲಿಯವನ ವಾದ ನಿಜವಾಗಿ ಇದ್ದದ್ದು ಇಲ್ಲಿ: “ಮೂಲವೇ ಇಲ್ಲದ ಮೇಲೆ ಯಾವುದನ್ನು ನಕಲು ಮಾಡುತ್ತಾರೆ?” ಪ್ರಶ್ನೆ ನ್ಯಾಯವಾದದ್ದು. ಆದರೆ ನಿಯಮ ಬೇರೆ ಹೇಳುತ್ತದೆ. ಮಂತ್ರ ಸ್ಟ್ಯಾಕ್ ಬಿಟ್ಟು ಹೋಗಿದ್ದರೂ, ಅಲ್ಲಿ ಕೊನೆಯ ಬಾರಿ ಇದ್ದಾಗ ಅದು ಹೇಗಿತ್ತು ಎಂಬುದನ್ನು ಆಟ ನೆನಪಿಟ್ಟುಕೊಳ್ಳುತ್ತದೆ. ಆ ನೆನಪಿನಿಂದಲೇ ಏಳು ನಕಲು ಹುಟ್ಟುತ್ತವೆ. ಮನೆ ಮಾರಿದ ಮೇಲೂ ಅದರ ಪತ್ರದ ನೆರಳಚ್ಚು ಕಚೇರಿಯಲ್ಲಿ ಇರುವ ಹಾಗೆ. ಏಳು ನಕಲು, ತಲಾ ಎರಡು, ಒಟ್ಟು 14. ನೀಲಿಯವನ ಲೈಫ್ ಸರಿಯಾಗಿ ಸೊನ್ನೆ. ಕೈಯಲ್ಲಿ ಉಳಿದಿದ್ದ ಕಾರ್ಡುಗಳು ಯಾವುದಕ್ಕೂ ಬಾರದವು, ಲ್ಯಾಂಡುಗಳು ಖಾಲಿ.

ರಕ್ತಬೀಜಾಸುರನ ಕಥೆ ಕೇಳಿ ಬೆಳೆದವರಿಗೆ ಇದು ಪರಿಚಿತ ಸಂಕಟ. ತಲೆ ಕಡಿದಷ್ಟೂ ನೆತ್ತರ ಹನಿಗಳು, ಹನಿಗೊಬ್ಬ ಅಸುರ. ಕಾಳಿ ನಾಲಿಗೆ ಚಾಚಿ ಹನಿ ನೆಲಕ್ಕೆ ಬೀಳದ ಹಾಗೆ ಹಿಡಿದಳು. ಆ ನಾಲಿಗೆಯೂ ಈ ಆಟದಲ್ಲಿದೆ. ಅದರ ಹೆಸರು ‘ಸ್ಟೈಫಲ್’. ಒಂದು ನೀಲಿ ಮಾನಾ, ಅದೇ ಸ್ಕರ್ಜ್ ಸಂಪುಟ. ಮಂತ್ರವನ್ನು ಮುಟ್ಟುವ ಶಕ್ತಿ ಅದಕ್ಕಿಲ್ಲ, ಟ್ರಿಗರನ್ನು ತಡೆಯುತ್ತದೆ. ಟ್ರಿಗರ್ ಸ್ಟ್ಯಾಕಿನಲ್ಲಿರುವಾಗ ಸ್ಟೈಫಲ್ ಹಾಕಿದ್ದರೆ ನಕಲು ಒಂದೂ ಹುಟ್ಟುತ್ತಿರಲಿಲ್ಲ, ಮೂಲ ಫಲಿಸಿ ಎರಡು ಲೈಫ್ ಹೋಗುತ್ತಿತ್ತು, 12 ಉಳಿಯುತ್ತಿತ್ತು. ಹಾಗಾಗಿ ‘ನಕಲು ಹುಟ್ಟುವ ಮೊದಲೇ’ ಎಂಬ ಅವನ ಅವಸರ ತಪ್ಪೇನಲ್ಲ. ಕೈಯಲ್ಲಿದ್ದ ಕಾರ್ಡಿಗೆ ಅದು ಹೊಂದಲಿಲ್ಲ, ಅಷ್ಟೇ.

ಅವನ ಕೈಯಲ್ಲಿದ್ದ ಕಾರ್ಡಿಗೆ ಬೇಕಾದದ್ದು ಒಂದು ಉಸಿರಿನಷ್ಟು ತಾಳ್ಮೆ. ಟ್ರಿಗರ್ ಫಲಿಸಲು ಬಿಡಬೇಕು. ಎಂಟು ಟೆಂಡ್ರಿಲ್ಸ್ ಸ್ಟ್ಯಾಕಿನಲ್ಲಿ ಸಾಲಾಗಿ ನಿಲ್ಲುತ್ತವೆ. ನೋಡುವುದಕ್ಕೆ ಭಯವಾಗುತ್ತದೆ, ಆದರೆ ಮೊದಲ ನಕಲು ಫಲಿಸುವ ಮುಂಚೆ ಇಬ್ಬರಿಗೂ ಮತ್ತೆ ಅವಕಾಶ ಬಂದೇ ಬರುತ್ತದೆ. ಆಗ ಹಾಕಬೇಕು. ಒಂಬತ್ತು ತಡೆ, ಎಂಟು ಗುರಿ. ಯಾವುದಾದರೂ ಒಂದಕ್ಕೆ ಎರಡು ತಡೆ. ಕಪ್ಪಿನವನ ಬಳಿ ಉಳಿದಿದ್ದದ್ದು ಎರಡು ಪೆಟಲ್, ಅಂದರೆ ಎರಡು ಮಾನಾ. ಎರಡು ಟೆಂಡ್ರಿಲ್ಸ್ ಅನ್ನು ಮಾತ್ರ ಅವನು ಉಳಿಸಿಕೊಳ್ಳಬಹುದಾಗಿತ್ತು. ನೀಲಿಯವನ ಲೈಫ್ 14ರಿಂದ 10ಕ್ಕೆ ಇಳಿಯುತ್ತಿತ್ತು, ಎದುರಾಳಿಯ ಕೈ ಬರಿದಾಗಿರುತ್ತಿತ್ತು.

ಇಷ್ಟು ಹೇಳಿದ ಮೇಲೆ ಸುತ್ತ ನಿಂತವರೆಲ್ಲ ಇನ್ನೊಂದು ತಪ್ಪನ್ನು ಹಿಡಿದರು: ಕೌಂಟರ್‌ಸ್ಪೆಲ್ ಅನ್ನು ಕ್ಯಾಬಲ್ ರಿಚುಯಲ್ ಮೇಲೆ ಹಾಕಿ ಒಂದು ನಕಲನ್ನು ತಾನೇ ಕೊಟ್ಟನಲ್ಲ, ಅದೇ ಮೂಲ ತಪ್ಪು ಎಂದು. ಮೊದಲು ನನಗೂ ಹಾಗೆಯೇ ಅನಿಸಿತ್ತು. ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದ ಮೇಲೆ ಅಭಿಪ್ರಾಯ ಬದಲಾಯಿತು.

ರಿಚುಯಲನ್ನು ತಡೆಯದೆ ಬಿಟ್ಟಿದ್ದರೆ? ಟೆಂಡ್ರಿಲ್ಸ್‌ಗೆ ಮುಂಚೆ ಆರು ಮಂತ್ರ. ಮೂಲ ಸೇರಿ ಏಳು ಟೆಂಡ್ರಿಲ್ಸ್. 14, ಸರಿಯಾಗಿ ಸಾಯುವಷ್ಟು. ಕೌಂಟರ್‌ಸ್ಪೆಲ್ ಆಗ ಕೈಯಲ್ಲಿರುತ್ತಿತ್ತು ನಿಜ. ಆದರೆ ರಿಚುಯಲ್ ಫಲಿಸಿ ಬಂದ ಮೂರು ಮಾನಾ ಕೂಡ ಎದುರಾಳಿಯ ಬಳಿ ಇರುತ್ತಿತ್ತು. ಟೆಂಡ್ರಿಲ್ಸ್ ಹಾಕಿಯೂ ಐದು ಮಾನಾ ಮಿಗುತ್ತಿತ್ತು. ಕೌಂಟರ್‌ಸ್ಪೆಲ್‌ನಿಂದ ಒಂದು ಟೆಂಡ್ರಿಲ್ಸ್ ಹೋಗಲಿ, ಆರು ಉಳಿಯುತ್ತವೆ. ಅವುಗಳ ಮೇಲೆ ಒಂಬತ್ತು ಫ್ಲಸ್ಟರ್‌ಸ್ಟಾರ್ಮ್ ಹಂಚಿದರೆ ಮೂರಕ್ಕೆ ಎರಡೆರಡು, ಮೂರಕ್ಕೆ ಒಂದೊಂದು. ಐದು ಮಾನಾದಿಂದ ಎದುರಾಳಿ ಒಂದೊಂದು ತಡೆಯ ಮೂರನ್ನೂ, ಎರಡು ತಡೆಯ ಒಂದನ್ನೂ ಬಿಡಿಸಿಕೊಳ್ಳುತ್ತಾನೆ. ನಾಲ್ಕು ಟೆಂಡ್ರಿಲ್ಸ್, ಎಂಟು ಲೈಫ್, ಉಳಿಯುವುದು ಆರು. ರಿಚುಯಲನ್ನು ತಡೆದು, ಫ್ಲಸ್ಟರ್‌ಸ್ಟಾರ್ಮ್ ಅನ್ನು ಸರಿಯಾದ ಹೊತ್ತಿಗೆ ಹಾಕಿದ್ದರೆ ಉಳಿಯುತ್ತಿದ್ದದ್ದು ಹತ್ತು. ‘ಒಂದು ಮಾನಾ ಕಟ್ಟದಿದ್ದರೆ’ ಎಂಬ ಜಾತಿಯ ತಡೆ ಕೈಯಲ್ಲಿರುವಾಗ ಎದುರಾಳಿಯ ಹಣದ ಚೀಲವನ್ನು ಮೊದಲು ಬರಿದು ಮಾಡಬೇಕು. ಅವನ ಮೊದಲ ತಡೆ ಒಂದು ನಕಲನ್ನು ಕೊಟ್ಟು ಮೂರು ಮಾನಾವನ್ನು ಕಿತ್ತುಕೊಂಡಿತ್ತು. ಒಳ್ಳೆಯ ವ್ಯಾಪಾರ. ಬೇರೆ ಯಾವ ಕಾರ್ಡೂ ಇಲ್ಲದೆ ಬರೀ ಕೌಂಟರ್‌ಸ್ಪೆಲ್ ಇದ್ದಿದ್ದರೆ ಮಾತು ಬೇರೆ. ಆಗ ಅದನ್ನು ಟೆಂಡ್ರಿಲ್ಸ್‌ಗೇ ಕಾದಿಡಬೇಕಿತ್ತು, ಎರಡು ಲೈಫಿನಲ್ಲಿ ಬದುಕುತ್ತಿದ್ದ.

ಫ್ಲಸ್ಟರ್‌ಸ್ಟಾರ್ಮ್ ಬದಲು ‘ಮೈಂಡ್‌ಬ್ರೇಕ್ ಟ್ರ್ಯಾಪ್’ ಇದ್ದಿದ್ದರೂ ಇದೇ ತಾಳ್ಮೆ ಬೇಕಿತ್ತು. ಎದುರಾಳಿ ಒಂದೇ ಸರದಿಯಲ್ಲಿ ಮೂರು ಅಥವಾ ಹೆಚ್ಚು ಮಂತ್ರ ಹಾಕಿದ್ದರೆ ಅದು ಪುಕ್ಕಟೆ, ಎಷ್ಟು ಮಂತ್ರಗಳನ್ನು ಬೇಕಾದರೂ ಒಟ್ಟಿಗೆ ಆಟದಿಂದಾಚೆ ಕಳಿಸುತ್ತದೆ. ಆದರೆ ನಕಲುಗಳು ಹುಟ್ಟುವ ಮುನ್ನ ಹಾಕಿದರೆ ಮೂಲವೊಂದನ್ನೇ ಕಳಿಸುತ್ತದೆ.

ಎದುರಾಳಿಯ ಕಾರ್ಡು ಮತ್ತೆ ಮತ್ತೆ ಬರುವಂಥದ್ದಾದರೆ ‘ತಡೆಯಲೇ ಬೇಡವೇ’ ಎಂಬುದಕ್ಕಿಂತ ‘ಆ ಮರುಕಳಿಕೆ ಯಾವ ಕ್ರಿಯಾಪದಕ್ಕೆ ಕಟ್ಟಿಕೊಂಡಿದೆ’ ಎಂದು ನೋಡಬೇಕು ಎಂದು ನಾನು ಆ ಇಬ್ಬರಿಗೆ ಹೇಳಿದೆ. ಕನ್ನಡದಲ್ಲಿ ಹೇಳಿಕೊಂಡರೆ ಇದು ಸುಲಭ. ಸ್ಟಾರ್ಮ್ ಕಟ್ಟಿಕೊಂಡಿರುವುದು ‘ಹಾಕಿದಾಗ’ ಎಂಬುದಕ್ಕೆ. ಹಾಕಿದ್ದು ಆಗಿಹೋಗಿದೆ, ಯಾವ ಪ್ರತಿಮಂತ್ರಕ್ಕೂ ಅದನ್ನು ಹಾಕಿಲ್ಲ ಎನಿಸುವ ಶಕ್ತಿಯಿಲ್ಲ. 2006ರ ಗಿಲ್ಡ್‌ಪ್ಯಾಕ್ಟ್‌ನ ‘ರೆಪ್ಲಿಕೇಟ್’, 2009ರ ಅಲಾರಾ ರಿಬಾರ್ನ್‌ನ ‘ಕ್ಯಾಸ್ಕೇಡ್’ ಎಂಬ ಗುಣಗಳೂ ಇದೇ ಗುಂಪು. ಮೂಲವನ್ನು ತಡೆದರೆ ಮೂಲ ಹೋಗುತ್ತದೆ, ಬಾಲ ಉಳಿಯುತ್ತದೆ.

‘ಫಲಿಸುವಾಗ’ ಎಂಬುದಕ್ಕೆ ಕಟ್ಟಿಕೊಂಡವು ಬೇರೆ. ‘ಕ್ಯಾಪ್‌ಸೈಜ್’ ಎಂಬ 1997ರ ಕಾರ್ಡಿದೆ. ಮೂರು ಮಾನಾ ಕೊಟ್ಟರೆ ಮೇಜಿನ ಮೇಲಿನ ಒಂದು ಕಾರ್ಡನ್ನು ಒಡೆಯನ ಕೈಗೆ ಹಿಂದಿರುಗಿಸುತ್ತದೆ. ಇನ್ನೂ ಮೂರು ಸೇರಿಸಿ ‘ಬೈಬ್ಯಾಕ್’ ಕಟ್ಟಿದರೆ, ಫಲಿಸುವಾಗ ಕಾರ್ಡು ಮಸಣಕ್ಕೆ ಹೋಗದೆ ಹಾಕಿದವನ ಕೈಗೇ ಮರಳುತ್ತದೆ. ಪ್ರತಿ ಸರದಿಯಲ್ಲೂ ಇದನ್ನೇ ಹಾಕಿ ಎದುರಿನವನ ತಾಳ್ಮೆಯನ್ನು ಅರೆಯುವವರನ್ನು ನಾನು ಬಲ್ಲೆ. ಅವರು ಆರು ಮಾನಾ ಸುರಿದ ಹೊತ್ತಿನಲ್ಲಿ ಎರಡು ಮಾನಾದ ತಡೆ ಹಾಕಿ ನೋಡಿ. ಮಂತ್ರ ಫಲಿಸಲಿಲ್ಲ, ಆದ್ದರಿಂದ ಬೈಬ್ಯಾಕ್ ನಡೆಯಲಿಲ್ಲ, ಕಟ್ಟಿದ ಮಾನಾ ಹಿಂದಿರುಗುವುದಿಲ್ಲ, ಕಾರ್ಡು ಮಸಣಕ್ಕೆ. ಪ್ರತಿಮಂತ್ರದ ಜೀವನದಲ್ಲಿ ಇದಕ್ಕಿಂತ ಸುಖದ ಕ್ಷಣ ಇನ್ನೊಂದಿಲ್ಲ ಎಂದು ನನ್ನ ಅನಿಸಿಕೆ. 2010ರ ‘ರಿಬೌಂಡ್’ ಕೂಡ ಹೀಗೆಯೇ. ಕೈಯಿಂದ ಹಾಕಿದ ಮಂತ್ರ ಫಲಿಸುವಾಗ ಪಕ್ಕಕ್ಕೆ ಹೋಗಿ ಕೂತು, ಮುಂದಿನ ಸರದಿಯ ಆರಂಭದಲ್ಲಿ ಪುಕ್ಕಟೆಯಾಗಿ ಮತ್ತೆ ಬರುತ್ತದೆ. ಮೊದಲನೆಯದನ್ನೇ ತಡೆದರೆ ಎರಡೂ ಸತ್ತವು. ‘ಒಂದು ಸಲ ಆಗಲಿ, ಎರಡನೆಯದನ್ನು ತಡೆಯೋಣ’ ಎಂದು ಕೂತರೆ ಅರ್ಧ ಮಾತ್ರ ಉಳಿತಾಯ.

‘ಫ್ಲ್ಯಾಶ್‌ಬ್ಯಾಕ್’ ಮೂರನೆಯ ಜಾತಿ. ಮಸಣದಿಂದ ಎದ್ದು ಬರುವ ಮಂತ್ರ. ಸ್ಟ್ಯಾಕ್ ಬಿಡುವಾಗ, ಹೇಗೆ ಬಿಟ್ಟರೂ, ಆಟದಿಂದಲೇ ಆಚೆ. ತಡೆದರೂ ಆಚೆ, ಫಲಿಸಿದರೂ ಆಚೆ. 2005ರ ‘ರಿಮ್ಯಾಂಡ್’ ತಡೆದ ಮಂತ್ರವನ್ನು ಒಡೆಯನ ಕೈಗೆ ಮರಳಿಸುವ ಮೆತ್ತನೆಯ ತಡೆ. ಫ್ಲ್ಯಾಶ್‌ಬ್ಯಾಕ್ ಮಂತ್ರದ ಮೇಲೆ ಹಾಕಿದರೆ ಅದೂ ಗಟ್ಟಿಯಾಗುತ್ತದೆ, ಕಾರ್ಡು ಕೈಗೆ ಹೋಗುವುದಿಲ್ಲ. ಅದೇ ರಿಮ್ಯಾಂಡನ್ನು ಸ್ಟಾರ್ಮ್ ಮಂತ್ರದ ಮೂಲದ ಮೇಲೆ ಹಾಕಿದರೆ ಅನಾಹುತ. ನಕಲುಗಳು ಬಂದೇ ಬರುತ್ತವೆ, ಮೂಲ ಎದುರಾಳಿಯ ಕೈಗೆ ಮರಳುತ್ತದೆ, ಮಾನಾ ಇದ್ದರೆ ಅವನು ಇನ್ನೂ ದೊಡ್ಡ ಲೆಕ್ಕದೊಂದಿಗೆ ಮತ್ತೆ ಹಾಕುತ್ತಾನೆ. ಸ್ಟಾರ್ಮ್ ಆಡುವವರು ತಮ್ಮ ಮಂತ್ರದ ಮೇಲೆ ತಾವೇ ರಿಮ್ಯಾಂಡ್ ಹಾಕುವುದು ಇದಕ್ಕೇ.

ಎಲ್ಲ ಕೇಳಿದ ನೀಲಿಯವನು ಕೊನೆಗೆ ಒಂದು ಅಡ್ಡಪ್ರಶ್ನೆ ಹಾಕಿದ: “ನಾಲ್ಕು ಗುರುತು ಇಟ್ಟ ‘ಚಾಲಿಸ್ ಆಫ್ ದ ವಾಯ್ಡ್’ ಮೇಜಿನ ಮೇಲಿದ್ದಿದ್ದರೆ?” ನಾಲ್ಕು ಮಾನಾದ ಮಂತ್ರ ಹಾಕಿದಾಗಲೆಲ್ಲ ಅದು ತಾನಾಗಿಯೇ ತಡೆಯುತ್ತದೆ, ಟೆಂಡ್ರಿಲ್ಸ್ ನಾಲ್ಕು ಮಾನಾದ್ದು. ಆದರೆ ಇಲ್ಲಿಯೂ ಅದೇ ‘ಹಾಕಿದಾಗ’. ನಕಲುಗಳನ್ನು ಯಾರೂ ಹಾಕಿದ್ದಲ್ಲ, ಅವು ಹುಟ್ಟಿದ್ದು. ಚಾಲಿಸ್ ಮೂಲವನ್ನು ತಡೆದು, ಏಳು ನಕಲುಗಳನ್ನು ಸುಮ್ಮನೆ ನೋಡುತ್ತಾ ಕೂರುತ್ತಿತ್ತು. ಅವನು ಸ್ವಲ್ಪ ಹೊತ್ತು ಯೋಚಿಸಿ, ಕಾರ್ಡುಗಳನ್ನು ಒಟ್ಟು ಮಾಡಿ ಕಲೆಸತೊಡಗಿದ.

ಎರಡನೆಯ ಆಟದಲ್ಲಿ ಐದನೆಯ ಸರದಿಗೆ ಟೆಂಡ್ರಿಲ್ಸ್ ಮತ್ತೆ ಬಂತು. ನೀಲಿಯವನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೇಳಿದ: “ಸ್ಟಾರ್ಮ್ ಫಲಿಸಿತೇ? ನಕಲುಗಳೆಲ್ಲ ಬಂದವೇ? ಎಣಿಸಿ ಸಾಲಾಗಿ ಇಡು.” ಕಪ್ಪಿನವನು ನಕಲಿಗೊಂದರಂತೆ ದಾಳಗಳನ್ನು ಒಂದೊಂದಾಗಿ ಜೋಡಿಸತೊಡಗಿದ. ಐದನೆಯ ದಾಳ ಇಡುವಾಗ ಅವನ ಮುಖದ ನಗು ಹೋಗಿತ್ತು.